ಹ್ಯೂಸ್ಟನ್ ಕೂಗರ್ಸ್ ಬಿಗ್ 12ರಲ್ಲಿ ಮೊದಲ ವರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಯೂನಿವರ್ಸಿಟಿ ಆಫ್ ಹ್ಯೂಸ್ಟನ್‌ನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡ 2023–24ರಲ್ಲಿ ಮೊದಲ ಬಾರಿಗೆ ಬಿಗ್ 12 ಎಂಬ ಕಾನ್ಫರೆನ್ಸ್‌ನಲ್ಲಿ ಆಡಿತು. ಆ ಚಳಿಗಾಲವಿಡೀ ಊರಿನ ನೆಂಟರು, ಇಲ್ಲಿಗೆ ಹೊಸದಾಗಿ ಓದಲು ಬಂದ ಹುಡುಗರು, ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ಗೆಳೆಯರು ನನ್ನನ್ನು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳಿದರು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿ ಸಾಕಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಕಾನ್ಫರೆನ್ಸ್ ಅಂದರೆ ಏನು? ಸಭೆ, ಗೋಷ್ಠಿ ಏನಾದರೂ ಇದೆಯಾ?

ಗೋಷ್ಠಿಯಲ್ಲ, ಕಾಲೇಜುಗಳ ಕೂಟ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಮೇಲಿನ ಹಂತದಲ್ಲಿ ಮುನ್ನೂರೈವತ್ತಕ್ಕೂ ಹೆಚ್ಚು ತಂಡಗಳಿವೆ, ಅವು ಮೂವತ್ತಕ್ಕೂ ಹೆಚ್ಚು ಕೂಟಗಳಲ್ಲಿ ಹಂಚಿಹೋಗಿವೆ. ನವೆಂಬರ್, ಡಿಸೆಂಬರ್‌ನಲ್ಲಿ ಯಾರ ಜೊತೆ ಬೇಕಾದರೂ ಆಡಬಹುದು. ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ತಮ್ಮ ಕೂಟದವರ ಜೊತೆಯೇ ಆಟ. ನಂತರ ಕೂಟದೊಳಗೆ ಒಂದು ವಾರದ ನಾಕ್‌ಔಟ್, ಅದಾದ ಮೇಲೆ ದೇಶದ 68 ತಂಡಗಳ ಎನ್‌ಸಿಎಎ ಟೂರ್ನಿ (ಎನ್‌ಸಿಎಎ ಅಂದರೆ ಕಾಲೇಜು ಕ್ರೀಡೆಗಳನ್ನು ನಡೆಸುವ ರಾಷ್ಟ್ರೀಯ ಸಂಸ್ಥೆ).

ರಣಜಿ ಟ್ರೋಫಿಯ ಎಲೀಟ್, ಪ್ಲೇಟ್ ಗುಂಪುಗಳನ್ನು ನೆನೆಸಿಕೊಂಡರೆ ಅರ್ಧ ಅರ್ಥವಾಗುತ್ತದೆ. ಉಳಿದರ್ಧಕ್ಕೆ ಆ ಹೋಲಿಕೆ ಸಾಲದು. ರಣಜಿಯಲ್ಲಿ ಪ್ಲೇಟ್ ಗುಂಪಿನಲ್ಲಿ ಗೆದ್ದವರು ಮೇಲಕ್ಕೆ ಹೋಗುತ್ತಾರೆ. ಇಲ್ಲಿ ಎಷ್ಟು ಗೆದ್ದರೂ ತಾನಾಗಿ ಬಡ್ತಿ ಸಿಗುವುದಿಲ್ಲ. ಮೇಲಿನ ಕೂಟದವರು ಕರೆಯಬೇಕು. ಕರೆಯುವಾಗ ಅವರು ನೋಡುವುದು ಟಿವಿ ಹಣ, ಊರಿನ ಗಾತ್ರ, ಅಮೆರಿಕನ್ ಫುಟ್‌ಬಾಲ್ ತಂಡ. ಬ್ಯಾಸ್ಕೆಟ್‌ಬಾಲ್ ಆಮೇಲಿನ ಮಾತು.

ಹಾಗಾದರೆ ಹ್ಯೂಸ್ಟನ್‌ಗೆ ಕರೆ ಬಂದದ್ದು ಹೇಗೆ?

ಇದಕ್ಕೆ 1996ಕ್ಕೆ ಹೋಗಬೇಕು, ಯಾಕೆಂದರೆ ಇಲ್ಲಿನ ಹಳಬರ ಮನಸ್ಸಿನಲ್ಲಿ ಆ ಗಾಯ ಇನ್ನೂ ಹಸಿ.

ಅದಕ್ಕೂ ಮೊದಲು ಟೆಕ್ಸಸ್‌ನ ದೊಡ್ಡ ಕಾಲೇಜುಗಳೆಲ್ಲ ಸೌತ್‌ವೆಸ್ಟ್ ಕಾನ್ಫರೆನ್ಸ್ ಎಂಬ ಒಂದೇ ಕೂಟದಲ್ಲಿದ್ದವು. ಅದು ಒಡೆದಾಗ ಟೆಕ್ಸಸ್, ಟೆಕ್ಸಸ್ ಎ ಆ್ಯಂಡ್ ಎಂ, ಟೆಕ್ಸಸ್ ಟೆಕ್, ಬೇಲರ್ ಈ ನಾಲ್ಕು ಕಾಲೇಜುಗಳು ಬಿಗ್ ಎಯ್ಟ್ ಎಂಬ ಇನ್ನೊಂದು ಕೂಟದ ಎಂಟು ತಂಡಗಳ ಜೊತೆ ಸೇರಿ ಬಿಗ್ 12 ಹುಟ್ಟಿತು. ಹ್ಯೂಸ್ಟನ್, ರೈಸ್, ಟಿಸಿಯು, ಎಸ್‌ಎಂಯು ಹೊರಗುಳಿದವು. ಆಸ್ತಿ ಪಾಲಾಗುವಾಗ ಕೆಲವು ಮಕ್ಕಳಿಗೆ ಗದ್ದೆ, ಕೆಲವರಿಗೆ ಹಿತ್ತಲು ಸಿಕ್ಕ ಹಾಗೆ. ನಿರ್ಧಾರವಾದ ಕಾಲದಲ್ಲಿ ಟೆಕ್ಸಸ್‌ನ ಗವರ್ನರ್ ಆಗಿದ್ದ ಆನ್ ರಿಚರ್ಡ್ಸ್ ಬೇಲರ್‌ನಲ್ಲಿ ಓದಿದವರು. ಅದಕ್ಕೇ ಬೇಲರ್‌ಗೆ ಜಾಗ ಸಿಕ್ಕಿತು ಎಂಬ ಮಾತು ಇಲ್ಲಿನ ಹರಟೆಯಲ್ಲಿ ಇವತ್ತಿಗೂ ಬರುತ್ತದೆ. ನಿಜವೋ ಸುಳ್ಳೋ, ಹರಟೆಗಂತೂ ಒಳ್ಳೆಯ ವಿಷಯ.

ಆಮೇಲೆ ಹ್ಯೂಸ್ಟನ್ ಕಾನ್ಫರೆನ್ಸ್ ಯುಎಸ್‌ಎ ಎಂಬಲ್ಲಿ 2013ರವರೆಗೆ, ಅಮೆರಿಕನ್ ಅಥ್ಲೆಟಿಕ್ ಎಂಬಲ್ಲಿ 2023ರವರೆಗೆ ಇತ್ತು. 2016ರಲ್ಲಿ ಬಿಗ್ 12 ಹೊಸಬರನ್ನು ಸೇರಿಸಿಕೊಳ್ಳುವ ಮಾತು ತೆಗೆದು, ಹಲವು ಕಾಲೇಜುಗಳನ್ನು ಹೆಣ್ಣು ನೋಡುವ ಶಾಸ್ತ್ರದಂತೆ ವಿಚಾರಿಸಿ, ಕೊನೆಗೆ ಯಾರೂ ಬೇಡ ಎಂದುಬಿಟ್ಟಿತು. 2021ರ ಜುಲೈನಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮ ಬಿಗ್ 12 ಬಿಟ್ಟು ಎಸ್‌ಇಸಿ ಎಂಬ ಇನ್ನೊಂದು ದೊಡ್ಡ ಕೂಟಕ್ಕೆ ಹೋಗುವುದು ಖಚಿತವಾಯಿತು. ಮನೆ ಖಾಲಿಯಾಗುವ ಭಯ ಹುಟ್ಟಿದ ಮೇಲೆ ಅದೇ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್, ಸಿನ್ಸಿನಾಟಿ, ಯುಸಿಎಫ್, ಬಿವೈಯು ನಾಲ್ವರಿಗೂ ಕರೆ ಹೋಯಿತು. 2023ರ ಜುಲೈ 1ರಂದು ಒಳಗೆ ಬಂದರು. ಟೆಕ್ಸಸ್, ಒಕ್ಲಹೋಮ ಹೊರಟದ್ದು 2024ರಲ್ಲಿ. ಹಾಗಾಗಿ ಆ ಒಂದು ವರ್ಷ ಹಳಬರು, ಹೊಸಬರು, ಹೊರಡುವವರು ಸೇರಿ 14 ತಂಡಗಳಿದ್ದವು. ಹೆಸರು ಮಾತ್ರ ಬಿಗ್ 12. ಲೆಕ್ಕ ಕೇಳಬೇಡಿ.

ಹ್ಯೂಸ್ಟನ್ ಅದಕ್ಕೂ ಮೊದಲು ಚೆನ್ನಾಗಿ ಆಡುತ್ತಿತ್ತಲ್ಲವೇ? ಹೊಸ ಕೂಟ ಅಂದರೆ ಅಷ್ಟು ದೊಡ್ಡ ವಿಷಯವೇ?

ಚೆನ್ನಾಗಿ ಏನು, ಹಿಂದಿನ ವರ್ಷ ಅಮೆರಿಕನ್ ಕೂಟದಲ್ಲಿ 18ಕ್ಕೆ 17 ಗೆದ್ದಿತ್ತು. 2021ರಲ್ಲಿ ಕೊನೆಯ ನಾಲ್ಕರವರೆಗೂ ಹೋಗಿತ್ತು. ಆದರೂ ಟಿವಿಯಲ್ಲಿ ಕೂತು ಮಾತಾಡುವವರದು ಒಂದೇ ರಾಗ: ‘ಸಣ್ಣ ಕೂಟದಲ್ಲಿ ಹೊಡೆಯುವುದು ಸುಲಭ, ಬಿಗ್ 12ಕ್ಕೆ ಬಂದಾಗ ಗೊತ್ತಾಗುತ್ತದೆ.’ ಬೆಕ್ಕಿಲ್ಲದ ಮನೆಯಲ್ಲಿ ಇಲಿ ಲಾಗ ಹಾಕಿತು ಎಂಬ ಧಾಟಿ.

ಆ ಮಾತಿನಲ್ಲಿ ಸ್ವಲ್ಪವೂ ಹುರುಳಿರಲಿಲ್ಲ ಎನ್ನಲಾರೆ. 2024ರ ಎನ್‌ಸಿಎಎ ಟೂರ್ನಿಗೆ ಬಿಗ್ 12ರಿಂದ ಎಂಟು ತಂಡಗಳು ಹೋದವು, ಹ್ಯೂಸ್ಟನ್ ಬಿಟ್ಟುಬಂದ ಕೂಟದಿಂದ ಎರಡು. ಹಳೆಯ ಕೂಟದಲ್ಲಿ ಒಂದು ಕಠಿಣ ಪಂದ್ಯ ಮುಗಿಸಿದರೆ ಮುಂದಿನ ಎರಡರಲ್ಲಿ ಉಸಿರು ಬಿಡಬಹುದಿತ್ತು. ಇಲ್ಲಿ ಮಂಗಳವಾರ ಒಂದು ಗಟ್ಟಿ ತಂಡ, ಶನಿವಾರ ಇನ್ನೊಂದು, ಹೀಗೆ ಎರಡು ತಿಂಗಳು.

ಕೊನೆಗೆ ಏನಾಯಿತು, ಒಂದೇ ಸಾಲಿನಲ್ಲಿ ಹೇಳಿ.

ಕೂಟದಲ್ಲಿ 15 ಗೆಲುವು, 3 ಸೋಲು. ಯಾರ ಜೊತೆಯೂ ಹಂಚಿಕೊಳ್ಳದೆ ಮೊದಲ ಸ್ಥಾನ, ಅದೂ ಸೇರಿದ ಮೊದಲ ವರ್ಷವೇ. ಒಟ್ಟಾರೆ 32 ಗೆಲುವು, 5 ಸೋಲು.

ಜೊತೆಗೆ ಬಂದ ಇನ್ನು ಮೂವರು?

ಬಿವೈಯು 10–8, ಪರವಾಗಿಲ್ಲ. ಸಿನ್ಸಿನಾಟಿ ಮತ್ತು ಯುಸಿಎಫ್ ಎರಡೂ 7–11.

ಆ ಮೂರು ಸೋಲು ಎಲ್ಲೆಲ್ಲಿ?

ಮೂರೂ ಹೊರ ಊರಿನಲ್ಲಿ. ಮನೆಯಂಗಳದಲ್ಲಿ ಆ ವರ್ಷ ಒಂದೂ ಸೋಲಿಲ್ಲ.

ಋತು ಶುರುವಾದಾಗ ಸತತ 14 ಗೆಲುವು. ಕೂಟದ ಮೊದಲ ಪಂದ್ಯದಲ್ಲಿ ವೆಸ್ಟ್ ವರ್ಜೀನಿಯಾವನ್ನು 89–55ರಿಂದ ಹೊಡೆದಾಗ ಇಲ್ಲಿ ಕೆಲವರು ‘ಇಷ್ಟೇನಾ ಬಿಗ್ 12’ ಎಂದು ಮೀಸೆ ತಿರುವಿದರು. ಮೂರೇ ದಿನಕ್ಕೆ, ಜನವರಿ 9ರಂದು, ಏಮ್ಸ್ ಎಂಬ ಪುಟ್ಟ ಊರಿನಲ್ಲಿ ಅಯೋವಾ ಸ್ಟೇಟ್ 57–53ರಿಂದ ಮೀಸೆ ಇಳಿಸಿತು. ಅಲ್ಲಿನ ಹಿಲ್ಟನ್ ಕೊಲಿಸಿಯಂನಲ್ಲಿ ಹೊರಗಿನ ತಂಡಗಳಿಗೆ ಕಾಣದ ಕೈಯೊಂದು ಅಡ್ಡ ಬರುತ್ತದೆ ಎಂದು ಅಲ್ಲಿಯವರು ನಂಬುತ್ತಾರೆ. ನನಗೆ ಕಂಡದ್ದು ಅಯೋವಾ ಸ್ಟೇಟ್ ಹುಡುಗರ ಕೈಗಳು ಮಾತ್ರ, ಚೆಂಡು ಎಲ್ಲಿ ಹೋದರೂ ಅಲ್ಲಿರುತ್ತಿದ್ದವು. ಮತ್ತೆ ನಾಲ್ಕು ದಿನಕ್ಕೆ ಫೋರ್ಟ್ ವರ್ತ್‌ನಲ್ಲಿ ಟಿಸಿಯು ವಿರುದ್ಧ 68–67. ಒಂದು ಪಾಯಿಂಟ್! ಒಂದೇ ವಾರದಲ್ಲಿ ಎರಡು ಸೋಲು, ಟಿವಿಯವರಿಗೆ ಹಬ್ಬ.

ಮೂರನೆಯದು ಫೆಬ್ರವರಿ 3ರಂದು ಕಾನ್ಸಾಸ್‌ನ ಅಲೆನ್ ಫೀಲ್ಡ್‌ಹೌಸ್‌ನಲ್ಲಿ, 78–65. ಆ ಮನೆಯ ಕಥೆಯೇ ಬೇರೆ. 1955ರಲ್ಲಿ ಕಟ್ಟಿದ್ದು, ಹದಿನಾರು ಸಾವಿರ ಜನ ಹಿಡಿಸುತ್ತದೆ. ಬ್ಯಾಸ್ಕೆಟ್‌ಬಾಲ್ ಆಟವನ್ನು 1891ರಲ್ಲಿ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರೇ ಕಾನ್ಸಾಸ್‌ನ ಮೊದಲ ಕೋಚ್. (ತಮಾಷೆಯೆಂದರೆ, ಆ ಕಾಲೇಜಿನ ಕೋಚ್‌ಗಳಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಅವರೊಬ್ಬರಿಗೇ.) ಅವತ್ತು ಕಾನ್ಸಾಸ್ ಎಸೆದ ನೂರರಲ್ಲಿ ಸುಮಾರು 69 ಬುಟ್ಟಿಗೆ ಬೀಳುವ ಲೆಕ್ಕದಲ್ಲಿ ಆಡಿತು. ಎದುರಾಳಿಯ ಉಸಿರುಗಟ್ಟಿಸುವುದನ್ನೇ ಕಸುಬು ಮಾಡಿಕೊಂಡ ತಂಡಕ್ಕೆ ಇದು ಕಪಾಳಮೋಕ್ಷ. ಮಾರ್ಚ್ 9ರಂದು ಕೂಟದ ಕೊನೆಯ ಪಂದ್ಯಕ್ಕೆ ಅದೇ ಕಾನ್ಸಾಸ್ ಹ್ಯೂಸ್ಟನ್‌ಗೆ ಬಂತು. 76–46.

ಕೋಚ್ ಯಾರು?

ಕೆಲ್ವಿನ್ ಸ್ಯಾಂಪ್ಸನ್. ಉತ್ತರ ಕೆರೊಲಿನಾದ ಪೆಂಬ್ರೋಕ್ ಊರಿನವರು, ಅಲ್ಲಿನ ಮೂಲನಿವಾಸಿ ಲಂಬಿ ಸಮುದಾಯದವರು. ಒಕ್ಲಹೋಮದಲ್ಲಿ 12 ವರ್ಷ ಕೋಚ್ ಆಗಿ 2002ರಲ್ಲಿ ಕೊನೆಯ ನಾಲ್ಕಕ್ಕೆ ಒಯ್ದವರು. ಆಮೇಲೆ ಇಂಡಿಯಾನಾಗೆ ಹೋದರು. ಆಟಗಾರರನ್ನು ಸೆಳೆಯಲು ನಿಯಮ ಮೀರಿ ಫೋನ್ ಕರೆ ಮಾಡಿದ ಪ್ರಕರಣದಲ್ಲಿ 2008ರಲ್ಲಿ ಅಲ್ಲಿಂದ ಹೊರಬಿದ್ದರು, ಕಾಲೇಜು ಆಟದಿಂದ ವರ್ಷಗಟ್ಟಲೆ ದೂರವಿರುವ ಶಿಕ್ಷೆಯೂ ಆಯಿತು. ಆ ಅವಧಿಯಲ್ಲಿ ಎನ್‌ಬಿಎ ಎಂಬ ವೃತ್ತಿಪರ ಲೀಗ್‌ನ ತಂಡಗಳಲ್ಲಿ ಸಹಾಯಕ ಕೋಚ್. ಇಂದು ಕಾಲೇಜು ಆಟಗಾರರು ಬಹಿರಂಗವಾಗಿಯೇ ಹಣ ಪಡೆಯುತ್ತಾರೆ, ಹಾಗಾಗಿ ಫೋನ್ ಕರೆಗೆ ಶಿಕ್ಷೆ ಎಂದರೆ ಹೊಸ ಹುಡುಗರಿಗೆ ನಗು. ಆದರೆ ನಿಯಮ ಇತ್ತು, ಮುರಿದದ್ದು ನಿಜ. ಅದನ್ನು ಮರೆಮಾಚುವ ಅಭಿಮಾನ ನನಗೆ ಬೇಡ.

2014ರಲ್ಲಿ ಹ್ಯೂಸ್ಟನ್‌ಗೆ ಬಂದಾಗ ಮೊದಲ ವರ್ಷ 13 ಗೆಲುವು, 19 ಸೋಲು. 1984ರಿಂದ ಈ ಕಾಲೇಜು ಎನ್‌ಸಿಎಎ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಆ ಬರ ನೀಗಿದ್ದು 2018ರಲ್ಲಿ. ಮಗ ಕೆಲೆನ್ ಸಹಾಯಕ ಕೋಚ್, ಮಗಳು ಲಾರೆನ್ ತಂಡದ ಆಡಳಿತ ನೋಡುತ್ತಾರೆ. ನಮ್ಮ ಕಡೆಯ ಮಿಠಾಯಿ ಅಂಗಡಿಯಂತೆ ಮನೆಮಂದಿಯೆಲ್ಲ ಗಲ್ಲಾ ಸುತ್ತ.

ತಂಡ ಎಷ್ಟು ಪಾಯಿಂಟ್ ಹೊಡೆಯುತ್ತದೆ? ನಾನು ನೋಡಿದ ಪಂದ್ಯ ನಿದ್ದೆ ಬರಿಸುವಂತಿತ್ತು.

ಹೊಡೆಯುವುದನ್ನು ನೋಡಲು ಹೋದರೆ ನಿರಾಸೆಯೇ. ಈ ತಂಡವನ್ನು ನೋಡಬೇಕಾದದ್ದು ಚೆಂಡು ಎದುರಾಳಿಯ ಕೈಯಲ್ಲಿದ್ದಾಗ. ಆ ವರ್ಷ ಎದುರಾಳಿಗಳಿಗೆ ಪಂದ್ಯಕ್ಕೆ ಸರಾಸರಿ 58 ಪಾಯಿಂಟ್ ಕೂಡ ಬಿಟ್ಟುಕೊಡಲಿಲ್ಲ.

ಹೇಗೆ ಎಂದರೆ, ಚೆಂಡು ಹಿಡಿದವನ ಮೇಲೆ ಇಬ್ಬರು ಏಕಕಾಲಕ್ಕೆ ಬೀಳುತ್ತಾರೆ. ಅವನು ಕಂಗಾಲಾಗಿ ಎಸೆಯುವ ಪಾಸ್ ಎಲ್ಲಿಗೆ ಬರುತ್ತದೆ ಎಂದು ಉಳಿದ ಮೂವರಿಗೆ ಮೊದಲೇ ಗೊತ್ತಿರಬೇಕು. ಒಬ್ಬ ಅರೆಕ್ಷಣ ತಡ ಮಾಡಿದರೂ ಇಡೀ ಬಲೆ ಹರಿಯುತ್ತದೆ. ಇದು ಪ್ರತಿಭೆಯ ಆಟಕ್ಕಿಂತ ಹೆಚ್ಚಾಗಿ ಅಭ್ಯಾಸದ ಆಟ. ಅಭ್ಯಾಸದಲ್ಲಿ ಬುಟ್ಟಿಯ ಬಾಯಿಗೆ ಮುಚ್ಚಳ ಹಾಕುತ್ತಾರೆ, ಯಾವ ಎಸೆತವೂ ಒಳಗೆ ಬೀಳುವುದಿಲ್ಲ, ಪುಟಿದ ಚೆಂಡಿಗಾಗಿ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡಬೇಕು. ನೆಲದ ಮೇಲೆ ಉರುಳುವ ಚೆಂಡಿಗೆ ಹಾರಿ ಬೀಳುವುದಕ್ಕೂ ಬೇರೆಯೇ ಪಾಠ. ಎತ್ತರ ಇಲ್ಲದವನೂ ರೀಬೌಂಡ್ ಹಿಡಿಯಬಹುದು, ಎದುರಾಳಿಗಿಂತ ಹೆಚ್ಚು ಬೇಕು ಅನಿಸಬೇಕು ಅಷ್ಟೇ ಎಂಬುದು ಈ ಪದ್ಧತಿಯ ನಂಬಿಕೆ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ: ರೇಡರ್‌ಗೆ ಚಪ್ಪಾಳೆ ಹೆಚ್ಚು, ಆದರೆ ಕಾರ್ನರ್‌ನಲ್ಲಿ ಕಾಲು ಹಿಡಿಯುವವನ ಮೇಲೆ ಕಣ್ಣಿಟ್ಟು ನೋಡುವ ಸುಖವೇ ಬೇರೆ.

ಯಾರ ಯಾರ ಹೆಸರು ತಿಳಿದಿರಬೇಕು?

ಮೊದಲು ಜಮಾಲ್ ಶೆಡ್. ಆರಡಿ ದಾಟಿದರೂ ಈ ಆಟದಲ್ಲಿ ಗಿಡ್ಡನೇ. ನಾಲ್ಕನೇ ವರ್ಷದ ಪಾಯಿಂಟ್ ಗಾರ್ಡ್ (ಚೆಂಡು ಒಯ್ದು ಆಟ ನಡೆಸುವವನು), ಆಸ್ಟಿನ್ ಪಕ್ಕದ ಮೇನರ್ ಊರಿನ ಹುಡುಗ. ಬಿಗ್ 12ರ ವರ್ಷದ ಆಟಗಾರನೂ ಅವನೇ, ವರ್ಷದ ರಕ್ಷಣಾ ಆಟಗಾರನೂ ಅವನೇ. ಕೋಚ್ ಏನು ಹೇಳಬೇಕೆಂದಿದ್ದಾರೋ ಅದನ್ನು ಅವನು ಅಂಗಳದಲ್ಲಿ ಮೊದಲೇ ಹೇಳಿರುತ್ತಿದ್ದ. ಮಾರ್ಚ್ 2ರಂದು ಒಕ್ಲಹೋಮದಲ್ಲಿ, ಅಂದರೆ ಸ್ಯಾಂಪ್ಸನ್ ಅವರ ಹಳೆಯ ಮನೆಯಲ್ಲಿ, ಪಂದ್ಯ 85–85 ಇದ್ದಾಗ ಹಿಂದಕ್ಕೆ ವಾಲುತ್ತಾ ಕೊನೆಯ ಕ್ಷಣದಲ್ಲಿ ಎಸೆದು ಗೆಲ್ಲಿಸಿದ.

ಎಲ್.ಜೆ. ಕ್ರಾಯರ್ ಕಥೆಯೂ ಚೆನ್ನ. ಹ್ಯೂಸ್ಟನ್ ಪಕ್ಕದ ಕೇಟಿಯ ಹುಡುಗ, ಬೇಲರ್‌ನಲ್ಲಿ ಓದುತ್ತಾ 2021ರ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಂಡದಲ್ಲಿದ್ದವನು. ಹ್ಯೂಸ್ಟನ್ ಬಿಗ್ 12ಕ್ಕೆ ಕಾಲಿಡುವ ಹೊತ್ತಿಗೆ ಬೇಲರ್ ಬಿಟ್ಟು ಊರಿಗೆ ಮರಳಿದ. ಹೊಸ ಕೂಟದ ಗಲ್ಲಿಗಳೆಲ್ಲ ಗೊತ್ತಿದ್ದವನು ಒಬ್ಬ ಸಿಕ್ಕಿದಂತಾಯಿತು. ಫೆಬ್ರವರಿ 24ರಂದು ಹಳೆಯ ಕಾಲೇಜಿನ ಅಂಗಳದಲ್ಲೇ ಆಡಬೇಕಾಗಿ ಬಂತು. ಮೊದಲರ್ಧದಲ್ಲಿ ಕಟ್ಟಿದ ದೊಡ್ಡ ಮುನ್ನಡೆಯನ್ನೆಲ್ಲ ಕಳೆದುಕೊಂಡು, ಹೆಚ್ಚುವರಿ ಅವಧಿಯಲ್ಲಿ 82–76ರಿಂದ ಹೇಗೋ ಗೆದ್ದು ಬಂದರು. ಅದರ ಮರುವಾರವೇ ಹ್ಯೂಸ್ಟನ್ ದೇಶದ ನಂಬರ್ ಒನ್.

ಮೂರು ಪಾಯಿಂಟ್‌ನ ಎಸೆತಕ್ಕೆ ಇಮ್ಯಾನ್ಯುಯೆಲ್ ಶಾರ್ಪ್. ಬುಟ್ಟಿಯ ಕೆಳಗೆ ಜೆ’ವಾನ್ ರಾಬರ್ಟ್ಸ್, ನಮ್ಮ ಕಿವಿಗೆ ‘ಜವಾನ್’ ಅಂತಲೇ ಕೇಳುತ್ತದೆ. ತಂಡಕ್ಕೆ ಬೇಕಾದ ಎಲ್ಲ ಹೊರೆಗೆಲಸ ಮಾಡುವವನೂ ಅವನೇ ಆದ್ದರಿಂದ ನಮ್ಮ ಮನೆಯಲ್ಲಿ ಆ ಹೆಸರೇ ಉಳಿದುಬಿಟ್ಟಿದೆ.

ಗಾಯದ ಸಮಸ್ಯೆ ಅಂತ ಕೇಳಿದ್ದೆ?

ಡಿಸೆಂಬರ್ 16ರಂದು ಟೆಕ್ಸಸ್ ಎ ಆ್ಯಂಡ್ ಎಂ ವಿರುದ್ಧ ಗೆದ್ದ ಪಂದ್ಯದಲ್ಲೇ ಟೆರೆನ್ಸ್ ಆರ್ಸೆನೊನ ಹಿಮ್ಮಡಿಯ ನರ ಹರಿಯಿತು, ಅವನ ವರ್ಷ ಅಲ್ಲಿಗೆ ಮುಗಿಯಿತು. ಫೆಬ್ರವರಿ ಕೊನೆಗೆ ಮೊದಲ ವರ್ಷದ ಉದ್ದತೋಳಿನ ಹುಡುಗ ಜೋಜೊ ಟಗ್ಲರ್ ಪಾದಕ್ಕೆ ಪೆಟ್ಟು ಮಾಡಿಕೊಂಡ. ಬೆಂಚ್ ತೆಳ್ಳಗಾಗುತ್ತಾ ಹೋಯಿತು. ಕೂಟದ ಲೀಗ್ ಮುಗಿಯುವವರೆಗೆ ಅದು ಕಾಣಲಿಲ್ಲ. ನಾಕ್‌ಔಟ್‌ನಲ್ಲಿ ಕಂಡಿತು.

ಕೂಟದ ನಾಕ್‌ಔಟ್‌ನಲ್ಲಿ ಫೈನಲ್ ಸೋತರಲ್ಲ, ಹಾಗಾದರೆ ಚಾಂಪಿಯನ್ ಯಾರು?

ಇಬ್ಬರೂ. ಇದು ಅಮೆರಿಕದ ಗೊಂದಲ. ಎರಡು ತಿಂಗಳ ಲೀಗ್‌ಗೆ ಒಂದು ಕಿರೀಟ, ಕೊನೆಯ ವಾರದ ನಾಕ್‌ಔಟ್‌ಗೆ ಇನ್ನೊಂದು. ಕಾನ್ಸಾಸ್ ಸಿಟಿಯಲ್ಲಿ ಟಿಸಿಯುವನ್ನೂ ಟೆಕ್ಸಸ್ ಟೆಕ್ಕನ್ನೂ ಸೋಲಿಸಿದ ಹ್ಯೂಸ್ಟನ್ ಫೈನಲ್‌ನಲ್ಲಿ ಅಯೋವಾ ಸ್ಟೇಟ್ ಎದುರು 69–41ರಿಂದ ಮಣ್ಣು ಮುಕ್ಕಿತು. ನಲವತ್ತೊಂದು! ನಾನು ಎರಡನೇ ಅರ್ಧದಲ್ಲಿ ಟಿವಿ ಆರಿಸಿ ಪಾತ್ರೆ ತೊಳೆದೆ.

ನನ್ನ ಮಟ್ಟಿಗೆ ಲೀಗ್ ಕಿರೀಟವೇ ದೊಡ್ಡದು. 18 ಪಂದ್ಯ, ಒಂಬತ್ತು ಮನೆಯಲ್ಲಿ, ಒಂಬತ್ತು ಹೊರಗೆ. ಪ್ರೋವೊದ ಎತ್ತರದ ಗಾಳಿಯಲ್ಲಿ ಬಿವೈಯು ಜೊತೆ, ಆಸ್ಟಿನ್‌ನಲ್ಲಿ ಟೆಕ್ಸಸ್ ಜೊತೆ ಹೆಚ್ಚುವರಿ ಅವಧಿವರೆಗೆ, ಜ್ವರ ಬಂದ ದಿನ, ವಿಮಾನ ತಡವಾದ ದಿನ, ಎಲ್ಲ ಸೇರಿ. ಒಂದು ಕೆಟ್ಟ ರಾತ್ರಿಯಿಂದ ಅದನ್ನು ಕಳೆದುಕೊಳ್ಳಲಾಗದು, ಒಂದು ಒಳ್ಳೆಯ ರಾತ್ರಿಯಿಂದ ಗಳಿಸಲೂ ಆಗದು. ಆದರೆ ಅಮೆರಿಕದವರಿಗೆ ನಾಕ್‌ಔಟ್ ಮೇಲೇ ಮೋಹ. ಲೀಗ್ ಗೆದ್ದದ್ದನ್ನು ಎರಡು ವಾರದಲ್ಲಿ ಮರೆಯುತ್ತಾರೆ. ಇದರ ಬಗ್ಗೆ ವಾದಕ್ಕೆ ಬರುವವರು ಕಾಫಿ ತಂದುಕೊಂಡು ಬರಬೇಕು.

ಎನ್‌ಸಿಎಎ ಟೂರ್ನಿಯಲ್ಲಿ?

ದಕ್ಷಿಣ ವಿಭಾಗದಲ್ಲಿ ಅಗ್ರ ಶ್ರೇಯಾಂಕ. ಮೆಂಫಿಸ್‌ನಲ್ಲಿ ಲಾಂಗ್‌ವುಡ್ ವಿರುದ್ಧ 86–46, ಸುಲಭ.

ಮಾರ್ಚ್ 24ರಂದು ಟೆಕ್ಸಸ್ ಎ ಆ್ಯಂಡ್ ಎಂ. ಪಂದ್ಯ ಮುಗಿಯಲು ಎರಡು ನಿಮಿಷವಿದ್ದಾಗ ಹತ್ತಕ್ಕೂ ಹೆಚ್ಚು ಪಾಯಿಂಟ್ ಮುಂದಿದ್ದರು. ಕಾಲೇಜು ಆಟದಲ್ಲಿ ಐದು ಫೌಲ್ ಆದರೆ ಆಟಗಾರ ಹೊರಗೆ. ಒಬ್ಬೊಬ್ಬರಾಗಿ ಹ್ಯೂಸ್ಟನ್‌ನ ನಾಲ್ವರು ಮುಖ್ಯ ಆಟಗಾರರು ಹೊರಬಿದ್ದರು, ಎದುರಾಳಿಗಳು ಗಂಟೆ ಬಾರಿಸುವ ಹೊತ್ತಿಗೆ ಸರಿಯಾಗಿ ಮೂರು ಪಾಯಿಂಟ್ ಹೊಡೆದು ಸಮ ಮಾಡಿದರು. ಹೆಚ್ಚುವರಿ ಅವಧಿಯ ಕೊನೆಗೆ ಅಂಗಳದಲ್ಲಿ ಇದ್ದದ್ದು ಬೆಂಚಿನ ಕೊನೆಯ ಹುಡುಗರು. ವಿದ್ಯಾರ್ಥಿವೇತನವೂ ಇಲ್ಲದೆ ತಂಡದ ಜೊತೆ ಅಭ್ಯಾಸ ಮಾಡಿಕೊಂಡಿದ್ದ ಹುಡುಗನೊಬ್ಬ ಇಳಿದು ಫ್ರೀ ಥ್ರೋ (ಫೌಲ್‌ಗೆ ಸಿಗುವ ಅಡ್ಡಿಯಿಲ್ಲದ ಎಸೆತ) ಒಂದನ್ನು ಬುಟ್ಟಿಗೆ ಹಾಕಿದ. 100–95. ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಕೈಕೊಟ್ಟಾಗ ಎಲೆ ಹಾಕುವ ಹುಡುಗ ಬಂದು ಸಾರಿಗೆ ಒಗ್ಗರಣೆ ಕೊಟ್ಟ ಹಾಗೆ.

ಆಮೇಲೆ ಡ್ಯೂಕ್. ಮಾರ್ಚ್ 29, ಡಲ್ಲಸ್. ಮೊದಲರ್ಧ ಮುಗಿಯಲು ಆರೂವರೆ ನಿಮಿಷ ಇರುವಾಗ ಶೆಡ್ ಬುಟ್ಟಿಯತ್ತ ನುಗ್ಗಿ ಕಾಲಿಟ್ಟ, ಬಲ ಪಾದದ ಕೀಲು ಹೊರಳಿತು. ಮತ್ತೆ ಆಡಲಿಲ್ಲ. ಉಳಿದ ಇಪ್ಪತ್ತಾರು ನಿಮಿಷ ತಂಡ ಅವನಿಲ್ಲದೆ ಎಳೆದುಕೊಂಡು ಹೋಯಿತು. 54–51, ಮೂರು ಪಾಯಿಂಟ್ ಸೋಲು. ಅವನಿದ್ದಿದ್ದರೆ ಗೆಲ್ಲುತ್ತಿದ್ದರೇ ಎಂದು ಕೇಳುತ್ತೀರಿ. ನನಗೆ ಹಾಗೇ ಅನಿಸುತ್ತದೆ, ಡ್ಯೂಕ್‌ನವರಿಗೆ ಬೇರೆ ಅನಿಸುತ್ತದೆ.

ಹೊಸ ಕೂಟದಿಂದ ಕಾಲೇಜಿಗೆ ಹಣ ಬಂತೇ?

ಬಂತು, ಆದರೆ ಹೊಸ ಸೊಸೆಗೆ ಮೊದಲೇ ಬೀಗದ ಕೈ ಕೊಡುವುದಿಲ್ಲವಲ್ಲ. ಮೊದಲ ಎರಡು ವರ್ಷ ಹೊಸಬರಿಗೆ ಕಡಿಮೆ ಪಾಲು, ವರ್ಷಕ್ಕೆ ಸುಮಾರು 1.8 ಕೋಟಿ ಡಾಲರ್. ಹಾಗಿದ್ದೂ ಹಳೆಯ ಕೂಟದಲ್ಲಿ ಸಿಗುತ್ತಿದ್ದುದಕ್ಕಿಂತ ಬಹಳ ಹೆಚ್ಚು. ಇಷ್ಟಕ್ಕೂ ಕರೆ ಬರಲು ಮುಖ್ಯ ಕಾರಣವಾದ ಫುಟ್‌ಬಾಲ್ ತಂಡ ಬಿಗ್ 12ರ ಮೊದಲ ವರ್ಷ 4 ಗೆದ್ದು 8 ಸೋತಿತು, ಕೋಚ್ ಕೆಲಸ ಕಳೆದುಕೊಂಡರು.

ಟಿಕೆಟ್ ಸಿಗುತ್ತದೆಯೇ?

ಕಷ್ಟ. ಫರ್ಟಿಟಾ ಸೆಂಟರ್‌ನಲ್ಲಿ ಜಾಗ 7,100 ಜನಕ್ಕಷ್ಟೇ. ಹಳೆಯ ಹಾಫ್‌ಹೈನ್ಸ್ ಪೆವಿಲಿಯನ್ ಅನ್ನು ಒಡೆದು ಕಟ್ಟಿ 2018ರ ಡಿಸೆಂಬರ್‌ನಲ್ಲಿ ತೆರೆದರು. ಚಿಕ್ಕದಾದ್ದರಿಂದಲೇ ಸದ್ದು ಕಿವಿಗೆ ಬಡಿಯುತ್ತದೆ. ಚಿಕ್ಕ ಮಕ್ಕಳನ್ನು ಕರೆದೊಯ್ಯುವವರು ಕಿವಿಗೆ ಹತ್ತಿ ಇಟ್ಟುಕೊಳ್ಳಿ.

ಹಕೀಮ್ ಒಲಜುವಾನ್ ಈ ಕಾಲೇಜಿನವರೇ?

ಹೌದು. ಆಮೇಲೆ ಎನ್‌ಬಿಎ ದಿಗ್ಗಜರಾದ ಅವರು ಮತ್ತು ಕ್ಲೈಡ್ ಡ್ರೆಕ್ಸ್‌ಲರ್ ಇಲ್ಲಿ ಜೊತೆಗೆ ಆಡುತ್ತಿದ್ದರು. 1983ರ ಫೈನಲ್‌ನಲ್ಲಿ ನಾರ್ತ್ ಕೆರೊಲಿನಾ ಸ್ಟೇಟ್ ಎದುರು ಕೊನೆಯ ಕ್ಷಣದಲ್ಲಿ 54–52ರಿಂದ ಸೋತರು. ಅದಕ್ಕೂ ಹಿಂದೆ, 1968ರ ಜನವರಿಯಲ್ಲಿ, ಎಲ್ವಿನ್ ಹೇಯ್ಸ್ ಇದ್ದ ತಂಡ ಇಲ್ಲಿನ ಆಸ್ಟ್ರೋಡೋಮ್‌ನಲ್ಲಿ ಐವತ್ತೆರಡು ಸಾವಿರಕ್ಕೂ ಹೆಚ್ಚು ಜನರ ಎದುರು ಯುಸಿಎಲ್‌ಎಯನ್ನು 71–69ರಿಂದ ಸೋಲಿಸಿತು. ಎರಡು ಪಾಯಿಂಟ್‌ನ ಅಂತರ ಈ ಕಾಲೇಜಿನ ಜಾತಕದಲ್ಲೇ ಇದೆ.

ಎರಡನೇ ವರ್ಷ ಏನಾಯಿತು?

ಶೆಡ್ ಎನ್‌ಬಿಎಗೆ ಹೋದ, 2024ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿ) 45ನೆಯವನಾಗಿ ಆಯ್ಕೆಯಾಗಿ ಟೊರಾಂಟೊ ಸೇರಿದ. ಅವನಿಲ್ಲದೆ ತಂಡ ಕೂಟದಲ್ಲಿ 20ಕ್ಕೆ 19 ಗೆದ್ದಿತು. ಸ್ಯಾನ್ ಆಂಟೋನಿಯೊದ ಸೆಮಿಫೈನಲ್‌ನಲ್ಲಿ ಅದೇ ಡ್ಯೂಕ್ ಎದುರು ಕೊನೆಯ ಅರೆನಿಮಿಷದಲ್ಲಿ ಹಿಂದಿದ್ದವರು ಮುಂದೆ ಬಂದು 70–67ರಿಂದ ಗೆದ್ದರು. ಎರಡು ದಿನದ ಮೇಲೆ, 2025ರ ಏಪ್ರಿಲ್ 7ರಂದು, ಫೈನಲ್‌ನಲ್ಲಿ ಫ್ಲೋರಿಡಾಗೆ ಸೋಲು. 65–63. ಜಾತಕದ ಮಾತು ಸುಮ್ಮನೆ ಆಡಿದ್ದಲ್ಲ.

ಭಾರತದಿಂದ ನೋಡಬೇಕಾದರೆ ಎಷ್ಟು ಗಂಟೆಗೆ ಏಳಬೇಕು?

ಹ್ಯೂಸ್ಟನ್‌ನಲ್ಲಿ ರಾತ್ರಿ 7ರ ಪಂದ್ಯ ಎಂದರೆ ನಿಮಗೆ ಮರುದಿನ ಬೆಳಗ್ಗೆ 6.30. ಮಾರ್ಚ್ ಎರಡನೇ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಆಮೇಲೆ 5.30. ಹಾಲಿನವನು ಬರುವ ಹೊತ್ತಿಗೆ ಮೊದಲರ್ಧ ನಡೆಯುತ್ತಿರುತ್ತದೆ.